ಡಬ್ಬಿಯಕ್ಕ ಎಸೆದ ಕಲ್ಲುಗಳು

ಮಣ್ಣು ಪರೀಕ್ಷೆಯ ಕೋಣೆಯಲ್ಲಿ ಇದ್ದದ್ದು ಒಂದೇ ಸ್ಟೂಲು. ಡಬ್ಬಿಯಕ್ಕ ಅದರ ಮೇಲೆ ಕೂತದ್ದನ್ನು ನಾನು ಒಂದು ದಿನವೂ ಕಂಡವನಲ್ಲ. ಸ್ಟೂಲಿನ ಮೇಲೆ ಅವಳ ಅಲ್ಯೂಮಿನಿಯಂ ಡಬ್ಬಿಗಳು ಕೂತಿರುತ್ತಿದ್ದವು, ಅವಳು ಅವುಗಳ ಸುತ್ತ ಓಡಾಡಿಕೊಂಡಿರುತ್ತಿದ್ದಳು. ತಕ್ಕಡಿಯಿಂದ ಓವನ್ನಿಗೆ, ಓವನ್ನಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ಬಾಗಿಲಲ್ಲಿ ನಿಂತು ಏರಿಯ ಕಡೆ ಒಮ್ಮೆ ಕಣ್ಣು ಹಾಯಿಸಿ ಮತ್ತೆ ತಕ್ಕಡಿಗೆ. "ಅಕ್ಕಾ, ಒಂದು ಗಳಿಗೆ ಕೂತ್ಕೋ" ಅಂದರೆ, "ಕೂತ್ರೆ ಯಾಕೆ ಕೂತೆ ಅಂತ ಕಾಲೇ ಕೇಳುತ್ತೆ ತಮ್ಮಾ" ಅನ್ನುವಳು. ಬೇರೆಯವರ ಎದುರಿಗೆ ನನ್ನನ್ನು ಸಾರ್ ಎಂದೇ ಕರೆಯುತ್ತಿದ್ದಳು. ಕೋಣೆಯಲ್ಲಿ ನಾವಿಬ್ಬರೇ ಇದ್ದಾಗ ಮಾತ್ರ ತಮ್ಮ.

ನಾನು ಅಲ್ಲಿಗೆ ಎಂಜಿನಿಯರಾಗಿ ಸೇರಿ ಎಂಟು ತಿಂಗಳಾಗಿತ್ತು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಪುಸ್ತಕದಲ್ಲಿ ಓದಿದ್ದೆಲ್ಲ ತಲೆಯಲ್ಲಿ ಇತ್ತು, ಕೈಗೆ ಇನ್ನೂ ಇಳಿದಿರಲಿಲ್ಲ. ಕೈಗೆ ಇಳಿಸಿದವಳು ಅವಳು.

ಹೊಳೆಗೆ ಹೊಸ ಸೇತುವೆ ಬರುತ್ತಿತ್ತು. ರಸ್ತೆ ಆ ಸೇತುವೆಯ ಎತ್ತರಕ್ಕೆ ಏರಬೇಕೆಂದರೆ ದಡದಲ್ಲಿ ಮಣ್ಣಿನ ಏರಿ ಕಟ್ಟಬೇಕು. ಒಮ್ಮೆಗೇ ಸುರಿದು ಕಟ್ಟುವ ಹಾಗಿಲ್ಲ. ಒಂದು ಗೇಣು ದಪ್ಪ ಮಣ್ಣು ಹರಡಬೇಕು, ಟ್ಯಾಂಕರಿನಿಂದ ನೀರು ಚಿಮುಕಿಸಬೇಕು, ರೋಲರ್ ಅದರ ಮೇಲೆ ಎಂಟು ಸಲ ಹೋಗಿ ಬರಬೇಕು, ಆಮೇಲೆ ಅದರ ಮೇಲೆ ಇನ್ನೊಂದು ಪದರ. ಈ ಎಲ್ಲದರ ನಡುವೆ ಒಂದು ಬಾಗಿಲಿತ್ತು, ಅದನ್ನು ಕಾಯುತ್ತಿದ್ದವಳು ಡಬ್ಬಿಯಕ್ಕ. ಹರಡಿದ ಮಣ್ಣಿನಿಂದ ಒಂದು ಮುಷ್ಟಿ ಡಬ್ಬಿಗೆ ತುಂಬಿ ತೂಗುವಳು, ಓವನ್ನಿನಲ್ಲಿ ಒಂದು ಹಗಲು ಒಂದು ರಾತ್ರಿ ಒಣಗಿಸಿ ಮತ್ತೆ ತೂಗುವಳು. ಕಮ್ಮಿಯಾದ ತೂಕವೇ ನೀರು. ನೂರು ಪಾಲು ಒಣಮಣ್ಣಿಗೆ ಹದಿನೆಂಟು ಪಾಲು ನೀರು ಇದ್ದರೆ ಆ ಪದರ ಪಾಸು, ಅದರ ಮೇಲೆ ಮುಂದಿನದು ಹರಡಬಹುದು. ಒಂದೆರಡು ಪಾಲು ಆಚೀಚೆ ಆದರೂ ನಡೆಯುತ್ತದೆ. ಅದಕ್ಕೂ ಮೀರಿದರೆ ಇಲ್ಲ. ಹತ್ತು ಪದರಕ್ಕೊಮ್ಮೆ ಮಾತ್ರ ಏರಿಯನ್ನೇ ಕೊರೆದು ಗಟ್ಟಿತನ ನೋಡುತ್ತಿದ್ದೆವು. ಉಳಿದಂತೆ ಎಲ್ಲವೂ ಅವಳ ಡಬ್ಬಿಯ ಮಾತಿನ ಮೇಲೆಯೇ ನಡೆಯುತ್ತಿತ್ತು.

"ನೀರು ಕಮ್ಮಿಯಾದ್ರೆ ಮಣ್ಣು ಜಗಳಗಂಟಿ" ಎಂದು ಅವಳು ನನಗೆ ಮೊದಲ ವಾರವೇ ಪಾಠ ಮಾಡಿದ್ದಳು. "ಒಂದರ ಪಕ್ಕ ಇನ್ನೊಂದು ಸರಿಯಲ್ಲ, ಎಷ್ಟು ತುಳಿದ್ರೂ ಮಧ್ಯೆ ಜಾಗ ಬಿಟ್ಕೊಂಡು ನಿಂತಿರುತ್ತೆ. ನೀರು ಜಾಸ್ತಿಯಾದ್ರೆ ಸೋಮಾರಿ. ರೋಲರ್ ಈ ಕಡೆ ಅದುಮಿದ್ರೆ ಆ ಕಡೆ ಎದ್ದು ಕೂರುತ್ತೆ. ಹಾಸಿಗೆ ಮೇಲೆ ನಡೆದ ಹಾಗೆ."

"ಪುಸ್ತಕದಲ್ಲಿ ಇದನ್ನೇ ನಾಲ್ಕು ಪುಟ ಬರ್ದಿದಾರೆ ಅಕ್ಕ."

"ಪುಟಕ್ಕಿಷ್ಟು ಅಂತ ಸಂಬಳ ಇರ್ಬೇಕು ಅವ್ರಿಗೆ."

ಅವಳು ಈ ಕೆಲಸಕ್ಕೆ ಬಂದದ್ದು ತಲೆಯ ಮೇಲೆ ಮಣ್ಣಿನ ಪುಟ್ಟಿ ಹೊತ್ತು. ಹಿಂದಿನ ಒಂದು ರಸ್ತೆಯ ಕೆಲಸದಲ್ಲಿ ಪರೀಕ್ಷೆಯ ಕೋಣೆಯ ಡಬ್ಬಿ ತೊಳೆಯಲು ಯಾರಾದರೂ ಬೇಕಾಗಿದ್ದರು. ತೊಳೆದು ಸುಮ್ಮನಾಗದೆ ಅವಳು ಮುಚ್ಚಳದ ನಂಬರಿಗೂ ಡಬ್ಬಿಯ ನಂಬರಿಗೂ ತಾಳೆ ನೋಡಿ ಜೋಡಿಸಿಟ್ಟಳಂತೆ. ಅಲ್ಲಿದ್ದ ಎಂಜಿನಿಯರು ಅದನ್ನು ಕಂಡು ತಕ್ಕಡಿ ಹಿಡಿಯಲು ಕಲಿಸಿದರು. ಅಲ್ಲಿಂದ ಹನ್ನೊಂದು ವರ್ಷ. ಐದು ಕಡೆ ಕೆಲಸ, ಐದು ತಗಡಿನ ಕೋಣೆ, ಇಂದಿಗೂ ದಿನಗೂಲಿ. ಆ ಮೊದಲ ಎಂಜಿನಿಯರು ಅವಳಿಗೆ ಹೇಳಿಕೊಟ್ಟ ಮಾತು ಅವಳಿಗೆ ಬಾಯಿಪಾಠವಾಗಿತ್ತು: ಡಬ್ಬಿಯೊಳಗೆ ಕಲ್ಲು ಬರಬಾರದು, ಕಲ್ಲು ನೀರು ಕುಡಿಯೋದಿಲ್ಲ, ಲೆಕ್ಕ ಕೆಡುತ್ತೆ. ಅಲ್ಲಿಯ ಮಣ್ಣು ಗರಸುಮಣ್ಣು. ಹಿಡಿಗೆ ಹತ್ತು ಕಲ್ಲು. ಹಾಗಾಗಿ ಮಣ್ಣನ್ನು ತಟ್ಟೆಯಲ್ಲಿ ಹರಡಿ, ಬೆರಳ ತುದಿಯಲ್ಲಿ ಕಲ್ಲು ಆರಿಸಿ ಪಕ್ಕಕ್ಕೆ ಹಾಕಿ, ಉಳಿದದ್ದನ್ನು ಡಬ್ಬಿಗೆ ತುಂಬುವುದು ಅವಳ ಪದ್ಧತಿ.

ನಾನು ಅದನ್ನು ಎಂಟು ತಿಂಗಳು ದಿನವೂ ನೋಡಿದ್ದೆ. ನಮ್ಮಮ್ಮ ಹೊಸ್ತಿಲಲ್ಲಿ ಕೂತು ಕಾಳು ಆರಿಸುತ್ತಿದ್ದದ್ದೂ ಹೀಗೆಯೇ. ಕಣ್ಣು ಎಲ್ಲೋ ಇರುತ್ತಿತ್ತು, ಬೆರಳು ಮಾತ್ರ ಕಲ್ಲನ್ನೇ ಹುಡುಕಿ ಎತ್ತುತ್ತಿತ್ತು. ಅಕ್ಕನ ಬೆರಳು ತಟ್ಟೆಯ ಮೇಲೆ ಓಡುವುದನ್ನು ನೋಡಿದಾಗ ನನಗೆ ಊರಿನ ಮನೆಯಲ್ಲಿ ಇದ್ದಂತೆ ಅನಿಸುತ್ತಿತ್ತು. ಪ್ರಶ್ನೆ ಕೇಳಬೇಕು ಅಂತ ಅನಿಸಲೇ ಇಲ್ಲ. ದಿನದ ಹಾಳೆಯ ಕೆಳಗೆ ಸಹಿ ಹಾಕುತ್ತಿದ್ದವನು ನಾನು.

ಏರಿ ಅರ್ಧಕ್ಕೆ ಬರುವಾಗ ನಾವು ಗರಸುಮಣ್ಣು ತೆಗೆಯುತ್ತಿದ್ದ ಗುಂಡಿ ಮುಗಿಯಿತು. ಹೊಳೆಯ ಮೇಲ್ಗಡೆ ಹೊಸ ಗುಂಡಿ ತೆಗೆದರು. ಅಲ್ಲಿಯದು ಕಪ್ಪು ಜೇಡಿಮಣ್ಣು. ಬಿಸಿಲಿಗೆ ಬೆಂದು ನಿಂಬೆಹಣ್ಣಿನ ಗಾತ್ರದಿಂದ ಮುಷ್ಟಿ ಗಾತ್ರದವರೆಗೆ ಹೆಂಟೆಗಟ್ಟಿ ಟಿಪ್ಪರಿನಲ್ಲಿ ಬರುತ್ತಿತ್ತು. ಬಂದ ಹಾಗೇ ಹರಡಿ, ಬೆಳಿಗ್ಗೆ ನೀರು ಹಾಕಿ, ಮಧ್ಯಾಹ್ನದೊಳಗೆ ಉರುಳಿಸಿಬಿಡುತ್ತಿದ್ದರು. ಆರು ಪದರ ಹೀಗೇ ಏರಿತು. ಹಾಳೆಯ ಮೇಲೆ ಹದಿನೆಂಟು, ಹದಿನೆಂಟೂವರೆ, ಹದಿನೇಳು ಮುಕ್ಕಾಲು. ಕಾಂಟ್ರಾಕ್ಟರ್ ಕಡೆಯ ಮ್ಯಾನೇಜರು ಕೋಣೆಯ ಬಾಗಿಲಿಗೆ ಬಂದು, "ಹಳೇ ಮಣ್ಣಲ್ಲೂ ಇಷ್ಟು ಚೆಂದ ನಂಬರ್ ಬಂದಿರ್ಲಿಲ್ಲ. ಅಕ್ಕನ ಕೈಗೆ ಬಳೆ ಹಾಕಿಸ್ಬೇಕು" ಎಂದರು.

"ಬಳೆ ಬೇಡ ಸಾರ್, ತಕ್ಕಡಿಗೆ ಧೂಳು ಬೀಳ್ದಿರೋ ಹಾಗೆ ಒಂದು ಕಿಟಕಿ ಗಾಜು ಹಾಕ್ಸಿ" ಎಂದಳು ಅಕ್ಕ. ಗಾಜು ಬರಲಿಲ್ಲ.

ಆ ವಾರ ಅವಳಿಗೆ ಇನ್ನೊಂದು ಯೋಚನೆ ಹತ್ತಿಕೊಂಡಿತ್ತು. ಹತ್ತು ವರ್ಷ ದಾಟಿದ ದಿನಗೂಲಿಯವರನ್ನು ಕಾಯಂ ಮಾಡುವ ಪಟ್ಟಿಯಲ್ಲಿ ಅವಳ ಹೆಸರಿತ್ತು. ಬರುವ ಗುರುವಾರ ಸಮಿತಿ ಕೂಡುವುದಿತ್ತು. ಕಾಯಂ ಆದರೆ ಆಸ್ಪತ್ರೆಯ ಕಾರ್ಡು ಸಿಗುತ್ತದೆ, ಅದರಲ್ಲಿ ಗಂಡನ ಹೆಸರೂ ಸೇರುತ್ತದೆ. ಗಂಡ ನಮ್ಮ ಏರಿಯ ಮೇಲೆಯೇ ರೋಲರ್ ಓಡಿಸುತ್ತಿದ್ದವರು. ಅಕ್ಕನ ಗಂಡನಾದ್ದರಿಂದ ನನಗೆ ಭಾವ. ಇಪ್ಪತ್ತು ವರ್ಷ ಆ ನಡುಗುವ ಸೀಟಿನ ಮೇಲೆ ಕೂತು ಅವರ ಬೆನ್ನುಮೂಳೆ ಸವೆದಿತ್ತು. ಆಪರೇಷನ್ ಆಗಲೇಬೇಕು, ತಡ ಮಾಡಿದರೆ ಎಡಗಾಲು ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ರೋಲರಿನಿಂದ ಇಳಿಯುವಾಗ ಅವರು ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಕೆಳಗಿಡುತ್ತಿದ್ದರು.

"ಈ ಹೊಸ ಮಣ್ಣು ಹಲ್ಲು ಕಟಕಟ ಅನ್ನಿಸುತ್ತೆ ಕಣೋ" ಎಂದು ಭಾವ ಒಮ್ಮೆ ನನಗೆ ಹೇಳಿದ್ದರು. "ಮಣ್ಣಿನ ಮೇಲೆ ಹೋದ ಹಾಗಿಲ್ಲ, ಗೋಲಿ ಮೇಲೆ ಹೋದ ಹಾಗಿದೆ."

ಅಕ್ಕ ಬಿಡಲಿಲ್ಲ. "ಅದು ಮಣ್ಣಲ್ಲ ರೀ, ನಿಮ್ಮ ಬೆನ್ನು. ನನ್ನ ಡಬ್ಬಿ ಹದಿನೆಂಟು ಅಂತಿದೆ."

"ನಿನ್ನ ಡಬ್ಬಿ ಬಂದು ಸೀಟಲ್ಲಿ ಕೂತ್ಕೊಳ್ಳಿ ಹಾಗಾದ್ರೆ."

ಮುಂದಿನದರಲ್ಲಿ ಅರ್ಧ ನಾನು ಕಂಡದ್ದು, ಅರ್ಧ ಅವಳೇ ಆಮೇಲೆ ಹೇಳಿದ್ದು.

ಕೋಣೆಯ ಬಾಗಿಲ ಮುಂದೆ ಕೈ ತೊಳೆದ ನೀರು ನಿಂತು ಸದಾ ಕೆಸರು. ಆರಿಸಿ ಎಸೆದ ಕಲ್ಲನ್ನು ಅಕ್ಕ ಮೂಲೆಯಲ್ಲಿ ಗುಡ್ಡೆ ಹಾಕಿಟ್ಟು, ತಿಂಗಳಿಗೊಮ್ಮೆ ಬಕೆಟ್ಟಿನಲ್ಲಿ ತೊಳೆದು ಆ ಕೆಸರಿಗೆ ಹರಡುತ್ತಿದ್ದಳು. ಆ ಶುಕ್ರವಾರ ಬೆಳಿಗ್ಗೆ, ಹೊಸ ಗುಂಡಿಯ ಮಣ್ಣಿನಿಂದ ಆರಿಸಿದ್ದರ ಗುಡ್ಡೆಯೇ ದೊಡ್ಡದಾಗಿತ್ತು. ಬಕೆಟ್ಟಿಗೆ ಸುರಿದು, ಮುಳುಗುವಷ್ಟು ನೀರು ಹಾಕಿ, ತಕ್ಕಡಿಯ ಕಡೆ ಹೋದಳು. ಎರಡು ಡಬ್ಬಿ ತೂಗುವಷ್ಟರಲ್ಲಿ ಬಕೆಟ್ಟಿನಿಂದ ಸದ್ದು ಬಂತು. ಗುಳುಗುಳು ಎಂದು ಗುಳ್ಳೆ ಏಳುತ್ತಿತ್ತು. ಬಂದು ನೋಡಿದರೆ ಕಲ್ಲಿಲ್ಲ. ನೀರು ಕಪ್ಪಾಗಿ, ಗಂಜಿಯ ಹಾಗೆ ಮಂದವಾಗಿತ್ತು. ಮೊಣಕೈವರೆಗೆ ಕೈ ಇಳಿಸಿ ತಡಕಿದಳು. ತಳದಲ್ಲಿ ನುಣ್ಣನೆ ಕೆಸರು ಬಿಟ್ಟರೆ ಬೆರಳಿಗೆ ಏನೂ ಸಿಗಲಿಲ್ಲ. ಅವಳು ಆರಿಸಿ ಎಸೆದದ್ದು ಕಲ್ಲಲ್ಲ. ಮೇಲೆ ಕೆಸರು ಮೆತ್ತಿಕೊಂಡು, ಒಳಗೆ ಒಣಗಿ ಕಲ್ಲಿನಷ್ಟೇ ಗಟ್ಟಿಯಾಗಿದ್ದ ಮಣ್ಣಿನ ಹೆಂಟೆಗಳು.

ನಾನು ಒಳಗೆ ಬಂದಾಗ ಅವಳು ಒಂದು ಕೈ ಕೆಸರಾಗಿ, ಬಕೆಟ್ಟಿನ ಮುಂದೆ ನಿಂತಿದ್ದಳು.

"ಏನಾಯ್ತು ಅಕ್ಕ?"

"ಏನಿಲ್ಲ. ಕೈ ಜಾರ್ತು."

ಆ ದಿನ ಏಳನೆಯ ಪದರ ನಡೆಯುತ್ತಿತ್ತು. ಅವಳು ಮಣ್ಣು ತಂದಳು, ಎಂದಿನಂತೆ ಆರಿಸಿ ಡಬ್ಬಿ ತುಂಬಿದಳು. ಆಮೇಲೆ ಆರಿಸಿಟ್ಟ ಹೆಂಟೆಗಳನ್ನೇ ಬೇರೊಂದು ಡಬ್ಬಿಗೆ ತುಂಬಿ ತೂಗಿದಳು. ಊಟಕ್ಕೆ ಮುಂಚೆ ಓವನ್ನಿನ ಲೆಕ್ಕ ಬರೆಯುವಾಗ ಪಟ್ಟಿಯಲ್ಲಿಲ್ಲದ ಹದಿಮೂರನೆಯ ಡಬ್ಬಿ ನನ್ನ ಕಣ್ಣಿಗೆ ಬಿತ್ತು.

"ಇದ್ಯಾವ್ದು?"

"ನಂದು. ನೀ ಮುಟ್ಬೇಡ."

ಓವನ್ನು ಅವಸರಕ್ಕೆ ಬಗ್ಗುವ ಯಂತ್ರವಲ್ಲ. ನಾಳೆ ಬೆಳಿಗ್ಗೆಯವರೆಗೆ ಕಾಯಲೇಬೇಕು. ಅವಳಿಗೆ ಅದು ಗೊತ್ತಿಲ್ಲವೇ? ಆದರೂ ಆ ಮಧ್ಯಾಹ್ನದಿಂದ ಸಂಜೆಯೊಳಗೆ ಓವನ್ನಿನ ಬಾಗಿಲಿಗೆ ಕೈ ಹಾಕಿ ಹಾಕಿ ಹಿಂದಕ್ಕೆ ತೆಗೆದಳು. ಹೊರಗೆ ಟಿಪ್ಪರು ಮಣ್ಣು ಸುರಿದ ಸದ್ದಾದಾಗಲೆಲ್ಲ ಬಾಗಿಲಿಗೆ ಓಡಿ ನೋಡುವಳು. ತೂಗಿದ ಡಬ್ಬಿಯನ್ನೇ ಮತ್ತೆ ತೂಗುವಳು. ಹಾಳೆಯಲ್ಲಿ ಒಂದು ಅಂಕಿ ತಪ್ಪು ಬರೆದು, ಹೊಡೆದು, ಅದನ್ನೇ ಮತ್ತೆ ತಪ್ಪು ಬರೆದಳು. ಹನ್ನೊಂದು ವರ್ಷದಲ್ಲಿ ಅದು ಮೊದಲ ಸಲವಿರಬೇಕು.

ಊಟದ ಹೊತ್ತಿಗೆ ಭಾವನಿಗೆ ಒಂದು ಮಾತು ಹೇಳಲು ನಾನು ಏರಿ ಹತ್ತಿದೆ. ರೋಲರಿನ ನೆರಳಲ್ಲಿ ಗಂಡ ಹೆಂಡತಿ ಇದ್ದರು. ಭಾವ ಬೆನ್ನು ನೆಲಕ್ಕೆ ಕೊಟ್ಟು ಮಲಗಿದ್ದರು, ಅಕ್ಕ ನಿಂತೇ ಇದ್ದಳು. ಅವರಿಗೆ ನಾನು ಕಾಣಲಿಲ್ಲ.

"ವಾರ ಬಾಯಿ ಮುಚ್ಕೊಂಡಿರು. ಬರೀ ಒಂದು ವಾರ" ಎನ್ನುತ್ತಿದ್ದರು ಭಾವ.

"ವಾರದಲ್ಲಿ ಎಷ್ಟು ಪದರ ಆಗುತ್ತೆ, ನೀವೇ ಹೇಳಿ."

"ನಾನ್ಯಾಕೆ ಹೇಳ್ಲಿ? ನಾನು ಓಡಿಸೋನು. ಮಣ್ಣು ಸರಿ ಇಲ್ಲ ಅಂತ ಮೊದ್ಲೇ ಅಂದಾಗ ಬೆನ್ನು ಅಂದೆ."

"ಅಂದೆ. ತಪ್ಪಾಯ್ತು ಅನ್ಲಾ? ಕಾಲಿಗೆ ಬೀಳ್ಲಾ?"

"ಎಡಗಾಲಿಗೆ ಬೀಳ್ಬೇಡ, ಅದಕ್ಕೆ ಗೊತ್ತೇ ಆಗಲ್ಲ."

ಅಕ್ಕ ನಗಲಿಲ್ಲ. ಭಾವ ಮೊಣಕೈ ಊರಿ ಅರ್ಧ ಎದ್ದರು. "ಅಗೀರಿ ಅಂದ್ರೆ ಮತ್ತೆ ಉರುಳಿಸೋದು ಯಾರು? ನಾನೇ. ಇದೇ ಸೀಟು. ಅಲ್ಲಿ ಕಾರ್ಡೂ ಇಲ್ಲ, ಇಲ್ಲಿ ಬೆನ್ನೂ ಇಲ್ಲ. ಯೋಚ್ನೆ ಮಾಡಿದ್ಯಾ?"

"ಬೆಳಿಗ್ಗೆಯಿಂದ ಅದೊಂದೇ ಮಾಡ್ತಿರೋದು."

ನಾನು ಹೇಳಬೇಕಾದ ಮಾತು ಹೇಳದೆ ಇಳಿದು ಬಂದೆ. ಯಾವ ವಿಷಯ ಎಂದು ನನಗೆ ಇನ್ನೂ ಪೂರ್ತಿ ಗೊತ್ತಾಗಿರಲಿಲ್ಲ. ಆದರೆ ಹದಿಮೂರನೆಯ ಡಬ್ಬಿ ನನ್ನನ್ನೂ ಹಿಡಿದುಕೊಂಡಿತು.

ಮಾರನೆಯ ಬೆಳಿಗ್ಗೆ ನಾನು ಬರುವ ಮೊದಲೇ ಅವಳು ತೂಗಿ ಲೆಕ್ಕ ಹಾಕಿಟ್ಟಿದ್ದಳು. ಚೀಟಿ ನನ್ನ ಕೈಗೆ ಕೊಟ್ಟಳು. ಆರಿಸಿದ ಮಣ್ಣಿನಲ್ಲಿ ನೀರು ಹದಿನೆಂಟು. ಎಸೆದ ಹೆಂಟೆಯಲ್ಲಿ ಒಂಬತ್ತೂವರೆ.

"ಇದೇನು ಗೊತ್ತಾಯ್ತಾ ತಮ್ಮಾ?"

ಗೊತ್ತಾಯಿತು. ಗೊತ್ತಾಗಲು ಚೀಟಿ ಬೇಕಾಯಿತಲ್ಲ. ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನದೊಳಗೆ ಜೇಡಿಮಣ್ಣಿನ ಹೆಂಟೆಯ ಒಳಗೆ ಇಳಿಯುವುದಿಲ್ಲ. ಅದಕ್ಕೆ ಒಂದು ರಾತ್ರಿಯಾದರೂ ಬೇಕು. ಇದನ್ನು ಪರೀಕ್ಷೆಯಲ್ಲಿ ಬರೆದು ನಾನು ಅಂಕ ತೆಗೆದುಕೊಂಡವನು. ನೀರೆಲ್ಲ ಹೊರಗಿನ ಪುಡಿಗೆ ಹತ್ತಿತ್ತು, ನಮ್ಮ ಡಬ್ಬಿಗೆ ಹೋದದ್ದು ಬರೀ ಆ ಪುಡಿ. ಒಳಗೆ ಒಣ ಹೆಂಟೆಗಳು ಒಂದಕ್ಕೊಂದು ಆತುಕೊಂಡು, ಸಂದುಗಳನ್ನು ಹಾಗೇ ಉಳಿಸಿಕೊಂಡು ನಿಂತಿದ್ದವು. ರೋಲರಿನ ಭಾರವನ್ನು ಅವು ತಡೆದುಕೊಳ್ಳುತ್ತವೆ. ನೀರನ್ನು ತಡೆಯುವುದಿಲ್ಲ. ಮಳೆ ಇಳಿದು ಹೆಂಟೆ ಕರಗಿದ ದಿನ ಏರಿ ಕೆಳಗೆ ಕೂರುತ್ತದೆ. ಸೇತುವೆ ಕೂರುವುದಿಲ್ಲ. ಅವೆರಡರ ನಡುವೆ ರಸ್ತೆಯಲ್ಲಿ ಒಂದು ಮೆಟ್ಟಿಲು ಬೀಳುತ್ತದೆ, ಮಳೆಯಲ್ಲಿ ವೇಗವಾಗಿ ಬರುವ ಗಾಡಿಯವನಿಗೆ ಅದು ಕಾಣುವುದಿಲ್ಲ.

ನಾನು ಆಗ ಆಡಿದ ಮಾತನ್ನು ಇಲ್ಲಿ ಬಿಡದೆ ಬರೆಯಬೇಕು. "ಗುರುವಾರ ಕಳೀಲಿ ಅಕ್ಕ. ಶುಕ್ರವಾರ ನಾನೇ ಹೇಳ್ತೀನಿ, ನಿನ್ನ ಹೆಸರು ಬರಲ್ಲ" ಎಂದೆ.

"ಗುರುವಾರದೊಳಗೆ ಇನ್ನೂ ನಾಲ್ಕು ಪದರ ಕೂರುತ್ತೆ ಇದ್ರ ಮೇಲೆ. ಆಮೇಲೆ ಅಗೀರಿ ಅಂದ್ರೆ ಯಾರು ಕೇಳ್ತಾರೆ? ಹೇಗೋ ನಿಂತಿದೆ ಬಿಡಮ್ಮ ಅಂತಾರೆ." ಅವಳು ಬಾಗಿಲಿಗೆ ಹೋದಳು, ವಾಪಸು ಬಂದಳು. "ನಂಗೆ ಇವತ್ತೇ ಧೈರ್ಯ ಇರೋದು. ನಾಳೆಗೆ ಇಟ್ರೆ ಹಳಸುತ್ತೆ."

ಮೂಲೆಯಿಂದ ಒಂದು ಹೆಂಟೆ ಎತ್ತಿಕೊಂಡು ಹೊರಟೇಬಿಟ್ಟಳು. ನಾನು ಚೀಟಿ ಹಿಡಿದು ಹಿಂದೆ ಓಡಿದೆ.

ಕಚೇರಿ ಎಂದರೆ ಒಂದು ಕಬ್ಬಿಣದ ಕಂಟೇನರು. ಒಳಗೆ ದೊಡ್ಡ ಮೇಡಂ ನಕ್ಷೆ ಹರಡಿಕೊಂಡು ಕೂತಿದ್ದರು. ಈ ಕೆಲಸಕ್ಕೆಲ್ಲ ಮೇಲಿನ ಎಂಜಿನಿಯರು ಅವರೇ, ಮಾತು ಕಮ್ಮಿ. ಎದುರಿಗೆ ಮ್ಯಾನೇಜರು ಚಹಾ ಕುಡಿಯುತ್ತಿದ್ದರು. ಅಕ್ಕ ಮೇಜಿನ ಮೇಲಿದ್ದ ಮೇಡಂ ಅವರ ನೀರಿನ ಗಾಜಿನ ಲೋಟಕ್ಕೆ ಹೆಂಟೆಯನ್ನು ಬಿಟ್ಟಳು.

"ಏನಮ್ಮಾ ಇದು? ಕುಡಿಯೋ ನೀರು!" ಎಂದರು ಮ್ಯಾನೇಜರು.

"ಬೇರೆ ತಂದ್ಕೊಡ್ತೀನಿ ಸಾರ್. ಇದನ್ನ ನೋಡಿ."

ಹೆಂಟೆ ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಅದರ ಮೈಯಿಂದ ಗುಳ್ಳೆ ಎದ್ದವು, ಒಂದು ಮಗ್ಗುಲು ಬಿರುಕು ಬಿಟ್ಟು ಕಳಚಿತು, ಇನ್ನೊಂದು ಮಗ್ಗುಲು ಕುಸಿಯಿತು. ಮ್ಯಾನೇಜರ ಚಹಾ ಮುಗಿಯುವ ಮೊದಲೇ ಲೋಟದ ತಳದಲ್ಲಿ ಕೆಸರು ಮಾತ್ರ ಉಳಿಯಿತು.

"ಇದನ್ನ ನಾನು ಕಲ್ಲು ಅಂತ ಆರಿಸಿ ಆರಿಸಿ ಎಸ್ದಿದೀನಿ ಮೇಡಂ. ಆರು ಪದರ. ನಿನ್ನೆದೂ ಸೇರಿದ್ರೆ ಏಳು. ನಾನು ಕೊಟ್ಟ ಹದಿನೆಂಟು ಸುಳ್ಳು."

ಮೇಡಂ ಲೋಟವನ್ನು ಬೆಳಕಿಗೆ ಎತ್ತಿ ಹಿಡಿದರು. ಮ್ಯಾನೇಜರು ಕುರ್ಚಿಯಿಂದ ಎದ್ದರು. "ಒಂದು ಲೋಟ ನೀರು ನೋಡಿ ಏಳು ಪದರ ಅಗಿಯೋದಾ? ಲೋಟ ಬೇರೆ ಏರಿ ಬೇರೆ. ಅಲ್ಲಿ ಹನ್ನೆರಡು ಟನ್ನು ಓಡಾಡಿದೆ!"

"ಹಾಗಾದ್ರೆ ಏರಿಗೇ ನೀರು ಕುಡಿಸೋಣ" ಎಂದರು ಮೇಡಂ. ಅವರು ಅಂದದ್ದು ಅಷ್ಟೇ.

ಏಳನೆಯ ಪದರದ ಮಣ್ಣನ್ನು ಸರಿಸಿ, ಪಾಸಾದ ಆರನೆಯ ಪದರದಲ್ಲಿ ಮಾರುದ್ದ ಮಾರಗಲದ, ಗೇಣು ಆಳದ ತೊಟ್ಟಿ ತೆಗೆಸಿದರು. ಎರಡು ಕಡೆ ಗೂಟ ಹೊಡೆದು ಮೇಲೆ ದಾರ ಕಟ್ಟಿ, ದಾರದಿಂದ ತಳಕ್ಕೆ ಎಷ್ಟು ಎಂದು ನಾನು ಅಳೆದು ಬರೆದುಕೊಂಡೆ. ಟ್ಯಾಂಕರಿನಿಂದ ನೀರು ಬಿಟ್ಟರು. ತುಂಬಿದ ನೀರು ನಿಲ್ಲಲಿಲ್ಲ. ಎಲ್ಲಿ ಹೋಗುತ್ತಿದೆ ಎಂದು ನೋಡುವಷ್ಟರಲ್ಲಿ ಇಳಿದು ಹೋಯಿತು. ಮತ್ತೆ ತುಂಬಿದರು. ತೊಟ್ಟಿಯ ಗೋಡೆಯಲ್ಲಿ ಹೆಂಟೆಗಳು ಕಟ್ಟಡದ ಕಲ್ಲಿನ ಹಾಗೆ ಎದ್ದು ಕಾಣುತ್ತಿದ್ದವು, ನಡುವಿನ ಸಂದಿನಲ್ಲಿ ನನ್ನ ಕಿರುಬೆರಳು ಹೋಗುತ್ತಿತ್ತು. ಕೆಲಸ ನಿಲ್ಲಿಸಿ ಎಲ್ಲರೂ ಸುತ್ತ ನಿಂತಿದ್ದರು. ಅಕ್ಕ ಮಾತ್ರ ನಿಲ್ಲಲಾರದೆ ಏರಿಯ ಆ ತುದಿಗೆ ಹೋಗುವಳು, ಈ ತುದಿಗೆ ಬರುವಳು.

"ಅಕ್ಕ ಓಡಾಡಿದ್ದಕ್ಕೇ ಇನ್ನೊಂದಿಷ್ಟು ಗಟ್ಟಿಯಾಗುತ್ತೆ ಬಿಡಿ" ಎಂದ ಟ್ಯಾಂಕರ್ ಡ್ರೈವರು.

ಮೂರು ಗಂಟೆಗೆ ಅಳೆದೆ. ತಳ ನಾಲ್ಕು ಬೆರಳು ಕೆಳಗೆ ಹೋಗಿತ್ತು. ಯಾವ ಭಾರವೂ ಇಲ್ಲದೆ, ಬರೀ ನೀರಿಗೆ.

ಅಕ್ಕ ಬಂದು ದಾರದ ಕೆಳಗೆ ಬಗ್ಗಿ ನೋಡಿದಳು. ತನ್ನ ಮಾತು ನಿಜವಾಯಿತು ಎಂದು ಅವಳ ಮುಖದಲ್ಲಿ ಒಂದಿಷ್ಟೂ ಸಮಾಧಾನ ಕಾಣಲಿಲ್ಲ. ಸುಳ್ಳಾಗಲಿ ಎಂದೇ ಅವಳು ಕಾದಿದ್ದಳು ಎಂದು ನನಗೆ ಅನಿಸಿತು.

ಏಳೂ ಪದರ ಅಗೆಯುವುದು ಎಂದಾಯಿತು. ಇನ್ನು ಮುಂದೆ ಗುಂಡಿಯಲ್ಲೇ ಮಣ್ಣಿನ ಹೆಂಟೆ ಒಡೆಸಿ, ನೀರು ಹಾಕಿ, ತಾಡಪಾಲು ಹೊದಿಸಿ ಒಂದು ರಾತ್ರಿ ಬಿಡಬೇಕು. ಡಬ್ಬಿಗೆ ಪುಡಿಯೂ ಹೆಂಟೆಯೂ ಇದ್ದ ಹಾಗೇ ಹೋಗಬೇಕು. ಇಷ್ಟನ್ನು ಮೇಡಂ ನಿಂತಲ್ಲೇ ಹೇಳಿ ಮುಗಿಸಿದರು. ಉಳಿದದ್ದು ವರದಿ. ಅದರಲ್ಲಿ 'ಕಾರಣ' ಎಂಬ ಕಲಂ ಇತ್ತು.

"ಲ್ಯಾಬ್ ಸಹಾಯಕಿಯ ಅಜಾಗರೂಕತೆ ಅಂತ ಬರೀರಿ, ಮುಗೀತು. ಅವ್ರೇ ಒಪ್ಕೊಂಡಿದಾರಲ್ಲ" ಎಂದರು ಮ್ಯಾನೇಜರು. ಮೇಡಂ ನನ್ನ ಮುಖ ನೋಡಿದರು. "ನೀವು ಕಂಡದ್ದನ್ನ ಬರೀರಿ" ಎಂದರು.

ಪರೀಕ್ಷೆಯ ಕೋಣೆಯಲ್ಲಿ ಹಾಳೆಯ ಮುಂದೆ ನಿಂತೆ. ಅಕ್ಕ ಓವನ್ನು ಒರೆಸುತ್ತಿದ್ದಳು, ಒರೆಸುವ ಅಗತ್ಯವೇನೂ ಇರಲಿಲ್ಲ.

"ನನ್ನ ಹೆಸರು ಬರಿ ತಮ್ಮಾ. ಮುಚ್ಚಿಡ್ಬೇಡ. ಆದ್ರೆ ಯಾಕೆ ಆರಿಸ್ದೆ ಅನ್ನೋದನ್ನೂ ಬರಿ. ಅಜಾಗರೂಕತೆ ಅಂದ್ರೆ ನೋಡ್ದೆ ಮಾಡೋದಲ್ವಾ? ನಾನು ನೋಡಿ ನೋಡಿನೇ ಮಾಡ್ದೆ."

ನಾನು ಹಾಗೆಯೇ ಬರೆದೆ. ಗರಸುಮಣ್ಣಿಗೆ ಕಲಿಸಿದ ಪದ್ಧತಿ ಜೇಡಿಮಣ್ಣಿಗೆ ಸಲ್ಲದು ಎಂದು ಸಹಾಯಕಿಗೆ ಯಾರೂ ಹೇಳಲಿಲ್ಲ ಎಂದು ಬರೆದೆ. ಹೇಳಬೇಕಾಗಿದ್ದ ಎಂಜಿನಿಯರು ದಿನವೂ ಪಕ್ಕದಲ್ಲಿ ನಿಂತು ನೋಡಿ ಸಹಿ ಹಾಕಿದ್ದಾನೆ ಎಂದು ಬರೆದು, ಅದರ ಮುಂದೆ ನನ್ನ ಹೆಸರು ಬರೆದೆ. ತಪ್ಪನ್ನು ಕಂಡು ಮುಂದೆ ಬಂದು ಹೇಳಿದವಳು ಸಹಾಯಕಿಯೇ ಎಂದು ಕೊನೆಯಲ್ಲಿ ಸೇರಿಸಿದೆ. ಅಪ್ಪನಿಗೆ ಈ ಹಾಳೆ ಓದಲು ಬರುವುದಿಲ್ಲ ಎನ್ನುವುದು ಆ ದಿನ ನನಗಿದ್ದ ಒಂದೇ ನೆಮ್ಮದಿ.

ಗುರುವಾರ ಸಮಿತಿ ಕೂಡಿತು. ಅವಳು ಒಳಗಿದ್ದದ್ದು ಹತ್ತು ನಿಮಿಷ. ಹೊರಗಿನ ಬೆಂಚಿನ ಪಕ್ಕ ಭಾವ ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿದ್ದರು.

"ಏನ್ ಕೇಳಿದ್ರು?"

"ಏಳು ಪದರ ಅಗೆಸಿದವರು ನೀವೇನಾ ಅಂದ್ರು. ಹೂಂ ಅಂದೆ."

"ಅಷ್ಟೇನಾ?"

"ಮುಂದೆ ಹೀಗಾಗಲ್ಲ ಅಂತ ಬರ್ಕೊಡ್ತೀರಾ ಅಂದ್ರು. ಇದೇ ಮಣ್ಣಲ್ಲಿ ಇದೇ ತಪ್ಪು ಆಗಲ್ಲ, ಬೇರೆ ಮಣ್ಣಿಂದು ನಂಗೆ ಗೊತ್ತಿಲ್ಲ ಅಂದೆ."

ಭಾವ ಹಣೆ ಚಚ್ಚಿಕೊಂಡರು. "ಹೂಂ ಅಂತ ಒಂದಕ್ಷರ ಬರ್ದುಕೊಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಬಾಯಿಗೆ ಬರ್ಲಿಲ್ಲ ರೀ."

ಹದಿನೈದು ದಿನಕ್ಕೆ ಕಾಗದ ಬಂತು. ಅವಳ ಕಾಯಮಾತಿಯನ್ನು ಒಂದು ವರ್ಷ ಮುಂದೂಡಲಾಗಿತ್ತು. ನನಗೆ ಎಚ್ಚರಿಕೆಯ ಪತ್ರ. ಆಪರೇಷನ್ನೂ ಒಂದು ವರ್ಷ ಮುಂದಕ್ಕೆ ಹೋಯಿತು. ಮೇಡಂ ತಮಗೆ ಗೊತ್ತಿದ್ದ ಡಾಕ್ಟರಿಗೆ ಹೇಳಿ ಭಾವನಿಗೆ ಔಷಧಿಯ ವ್ಯವಸ್ಥೆ ಮಾಡಿಸಿದರು, ಮ್ಯಾನೇಜರು ಗೊಣಗುತ್ತಲೇ ರೋಲರಿಗೆ ಹೊಸ ಸೀಟು ಹಾಕಿಸಿದರು. ಎಡಗಾಲು ಅಷ್ಟು ದಿನ ತಡೆಯುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಕಾಗದವನ್ನು ಭಾವನೇ ಎರಡು ಸಲ ಓದಿದರು. ಬೈಯುತ್ತಾರೆ ಎಂದುಕೊಂಡೆ. "ನಾನು ಸೀಟಲ್ಲಿ ಕೂತು ಹೇಳಿದ್ದು ನಿಜ ಇತ್ತಲ್ವಾ? ಅದನ್ನ ಯಾರೂ ಎಲ್ಲೂ ಬರೀಲಿಲ್ಲ ನೋಡು" ಎಂದರು.

ಇಷ್ಟಕ್ಕೆ ಮುಗಿಯಿತು ಎಂದು ನಾನು ಅಂದುಕೊಂಡಿದ್ದೆ. ಅಗೆದದ್ದೂ ಆಯಿತು, ಒಂದು ರಾತ್ರಿ ನೆನೆದ ಮಣ್ಣು ಬರತೊಡಗಿತು, ಕೊರೆದು ನೋಡಿದ ಗಟ್ಟಿತನವೂ ಸರಿಯಾಯಿತು. ಆದರೆ ಅಕ್ಕನ ಓಡಾಟ ಹೆಚ್ಚಾಯಿತು. ಮಾತಿನ ನಡುವೆ ನಿಂತುಬಿಡುವಳು. ಒಂದು ದಿನ ತಕ್ಕಡಿಯ ಮುಂದೆ ಕೇಳಿದಳು:

"ಇಲ್ಲಿಗೆ ಬರೋ ಮೊದ್ಲು ನಾಲ್ಕು ಕಡೆ ಮಾಡಿದೀನಿ ತಮ್ಮಾ. ಅಲ್ಲೆಲ್ಲ ಎಸ್ದಿದ್ದು ಕಲ್ಲೇ ಅಂತೀಯಾ?"

"ಗರಸುಮಣ್ಣು ಅಂದೆಯಲ್ಲ."

"ಮೊದಲನೇದು ಗರಸು. ಎರಡನೇದೂ ಗರಸು. ಮೂರನೇದರಲ್ಲಿ ನಡುವೆ ಗುಂಡಿ ಬದಲಾಯಿಸಿದ್ರು. ಆ ಮಣ್ಣು ಯಾವ್ದು ಅಂತ ಎಷ್ಟು ನೆನೆಸ್ಕೊಂಡ್ರೂ ಬರ್ತಿಲ್ಲ. ಬೆರಳು ನೆನಪಿಟ್ಕೊಂಡಿರೋದು ಗಟ್ಟಿ ಅನ್ನೋದೊಂದೇ."

ಮುಂದಿನ ಭಾನುವಾರ ನಾವಿಬ್ಬರೂ ಎರಡು ಬಸ್ಸು ಬದಲಾಯಿಸಿ ಆ ಮೂರನೆಯ ರಸ್ತೆಗೆ ಹೋದೆವು. ಭಾವ ಮನೆಯಲ್ಲಿ ಮಲಗಿದ್ದರು. ಆ ರಸ್ತೆ ಒಂದು ಮೋರಿಯ ಕಡೆಗೆ ಏರುವ ಜಾಗದಲ್ಲಿ ಇಳಿದೆವು. ಲಾರಿಗಳು ಪಕ್ಕದಲ್ಲೇ ನುಗ್ಗುತ್ತಿದ್ದವು. ಅಕ್ಕ ರಸ್ತೆಯಂಚಿಗೆ ಕುಕ್ಕರಗಾಲಲ್ಲಿ ಕೂತು, ತಲೆ ಬಗ್ಗಿಸಿ, ಒಂದು ಕಣ್ಣು ಮುಚ್ಚಿ, ಅಂಚಿನ ಬಿಳಿ ಪಟ್ಟಿಯ ಉದ್ದಕ್ಕೂ ನೋಡಿದಳು. ಎದ್ದು ಇಪ್ಪತ್ತು ಹೆಜ್ಜೆ ಮುಂದೆ ಹೋಗಿ ಮತ್ತೆ ಕೂತು ನೋಡಿದಳು. ಮೋರಿಯ ಹತ್ತಿರ ಪಟ್ಟಿ ಸಣ್ಣಗೆ ಬಾಗಿತ್ತು. ಅಲ್ಲಿ ಟಾರು ಹೊಸದಾಗಿ ತೇಪೆ ಹಾಕಿದ ಹಾಗಿತ್ತು.

"ಇದು ನಂದಾ?" ಎಂದು ಕೇಳಿದಳು.

ಮೋರಿಯ ಪಕ್ಕ ಎಲ್ಲಾ ರಸ್ತೆಯೂ ಒಂದಿಷ್ಟು ಕೂರುತ್ತದೆ ಎಂದು ಹೇಳಬಹುದಾಗಿತ್ತು. ಅದು ನಿಜವೂ ಹೌದು. ಆದರೆ ಇದು ಆ ತರಹದ್ದೋ, ಅಥವಾ ಇದರೊಳಗೆ ಹೆಂಟೆಗಳು ಕರಗಿವೆಯೋ ಎಂದು ಮೇಲಿನಿಂದ ನೋಡಿ ಹೇಳಲು ನನ್ನ ಕಣ್ಣಿಗೂ ಆಗದು, ಪುಸ್ತಕಕ್ಕೂ ಆಗದು. "ಗೊತ್ತಿಲ್ಲ ಅಕ್ಕ" ಎಂದೆ. "ಆ ಕಾಲದ ಮಣ್ಣಿನ ರಿಜಿಸ್ಟರು ಯಾವ ಆಫೀಸಲ್ಲಿದೆ ಅಂತ ನಾಳೆ ಕೇಳ್ತೀನಿ. ಯಾವ ಗುಂಡಿಯ ಮಣ್ಣು ಅಂತ ಅದರಲ್ಲಿರುತ್ತೆ."

"ಸಿಗ್ದಿದ್ರೆ?"

"ಸಿಗ್ದಿದ್ರೆ ಮೇಡಂಗೆ ಹೇಳಿ ಕೊರೆಸೋಣ."

"ಕೊರೆಸಿದ್ರೆ ಮತ್ತೆ ಕಾಗದ ಬರುತ್ತೆ, ಇನ್ನೊಂದು ವರ್ಷ ಅಂತ." ಅವಳು ಇದನ್ನು ದೂರುವ ಹಾಗೆ ಹೇಳಲಿಲ್ಲ. ಲೆಕ್ಕ ಒಪ್ಪಿಸುವ ಹಾಗೆ ಹೇಳಿದಳು. ತೇಪೆಯ ಮೇಲೆ ಚಪ್ಪಲಿ ಬಿಟ್ಟು ನಿಂತು, ಹಿಮ್ಮಡಿ ಒತ್ತಿ ನೋಡಿದಳು. ಒಂದು ಲಾರಿ ಹಾರ್ನ್ ಹೊಡೆಯುತ್ತಾ ಬಂತು, ನಾನು ಅವಳ ತೋಳು ಹಿಡಿದು ಈಚೆಗೆ ಎಳೆದೆ. ಲಾರಿಯ ಚಕ್ರ ಆ ಬಾಗಿನ ಮೇಲೆ ಹೋಗುವಾಗ ಮೇಲೆದ್ದಿತೇ ಎಂದು ಅವಳು ಬಗ್ಗಿ ನೋಡಿದಳು. ಮುಂದಿನ ಲಾರಿಗೂ ಬಗ್ಗಿದಳು.

"ಹೊತ್ತಾಯ್ತು ಅಕ್ಕ, ಹೋಗೋಣ."

"ನಾಲ್ಕನೇದು ಇಲ್ಲಿಂದ ಒಂದು ಗಂಟೆ ದಾರಿ" ಎಂದು ಅವಳು ಚಪ್ಪಲಿ ಕೈಯಲ್ಲೇ ಹಿಡಿದು ರಸ್ತೆಯ ಆ ಬದಿಗೆ ದಾಟಿದಳು. ದೂರದಲ್ಲಿ ಬರುತ್ತಿದ್ದ ಬಸ್ಸಿಗೆ, ಅದರ ಬೋರ್ಡು ಕಾಣುವ ಮೊದಲೇ, ಕೈ ಅಡ್ಡ ಹಾಕಿದಳು.